ಬಿಟ್ಟ ತಾರೀಕು ಬಿಟ್ಟುಹೋದದ್ದು

ಯೆರವಡಾದ ಐಟಿ ಪಾರ್ಕಿನ ಗೇಟಿನಲ್ಲಿ ರಘುರಾಮ ಶೆಟ್ಟರ ಕ್ಯಾಂಟೀನಿನ ಅಡುಗೆಯವರೆಲ್ಲ ಬೆಳಿಗ್ಗೆಯಿಂದ ಸಾಲಾಗಿ ನಿಂತಿದ್ದರು. ಯಾರು ಪಾಸು ತೋರಿಸಿದರೂ ಯಂತ್ರ ಕೆಂಪಗಾಗಿ ಕಿರುಚುತ್ತಿತ್ತು. ದೋಸೆ ಹಿಟ್ಟು ಒಳಗೆ, ದೋಸೆ ಹೊಯ್ಯುವವರು ಹೊರಗೆ.

"ಎಂತ ಮಾರಾಯ್ತಿ ಇದು? ನಿನ್ನ ಪಟ್ಟಿಯಲ್ಲಿ ನಮ್ಮವರೆಲ್ಲ ಕೆಲಸ ಬಿಟ್ಟವರಂತೆ!" ಓಡಿಬಂದ ಅನುಜಾಳನ್ನು ಕಂಡದ್ದೇ ಶೆಟ್ಟರು ಶುರುಮಾಡಿದರು. "ಹತ್ತು ಗಂಟೆಯೊಳಗೆ ಸರಿಮಾಡಿ ಕೊಡದಿದ್ದರೆ ಮಧ್ಯಾಹ್ನದ ಊಟ ಬೇರೆಯವನಿಂದ ತರಿಸ್ತಾರಂತೆ. ಒಮ್ಮೆ ಅವನ ಸೌಟು ಒಳಗೆ ಹೊಕ್ಕಿತೋ, ಮತ್ತೆ ನಮಗೆ ಅಡುಗೆಮನೆ ಸಿಗ್ಲಿಕ್ಕುಂಟಾ?"

"ಉಂಟು ಅಣ್ಣಾ, ನಾನಿಲ್ವಾ?" ಎಂದಳು ಅನುಜಾ, ಥೇಟ್ ಶೆಟ್ಟರದೇ ದನಿಯಲ್ಲಿ. ಶೆಟ್ಟರಲ್ಲಿ ಪಟ್ಟಿ, ಹಾಜರಿ ನೋಡಿಕೊಳ್ಳುವ ಈ ಬಿ.ಎಸ್ಸಿ. ಹುಡುಗಿಯ ಮನೆ ಇದೇ ಊರಿನ ಕೊಂಢವಾ, ಮೂಲ ಧಾರವಾಡ, ನಾಲಿಗೆ ಮಾತ್ರ ಸರ್ವರಾಷ್ಟ್ರೀಯ.

ಗೇಟಿನ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆದಳು. ನಿನ್ನೆ ಪಟ್ಟಿಗೆ ತಾನೇ ಬರೆದ ಸೂತ್ರ ಅವಳನ್ನು ನೋಡಿ ಹಲ್ಲುಕಿರಿಯಿತು: ಬಿಟ್ಟ ತಾರೀಕು ಇಂದಿಗಿಂತ ಹಿಂದಿನದಾದರೆ 'ಬಿಟ್ಟವರು', ಇಲ್ಲವಾದರೆ 'ಇದ್ದವರು'. ಸರಿಯೇ. ಆದರೆ ಕೆಲಸದಲ್ಲಿ ಇರುವವರಿಗೆ ಬಿಟ್ಟ ತಾರೀಕು ಎಲ್ಲಿಂದ ಬರಬೇಕು? ಪಟ್ಟಿಯಲ್ಲಿ ಆ ಮನೆ ಖಾಲಿ. ಖಾಲಿಯನ್ನು ಕಂಪ್ಯೂಟರು ಸೊನ್ನೆ ಅಂದುಕೊಂಡಿತ್ತು. ಸೊನ್ನೆಯೆಂದರೆ ಅದರ ಪಂಚಾಂಗದಲ್ಲಿ ನೂರು ವರ್ಷಕ್ಕೂ ಹಿಂದಿನ ದಿನ. ಅಂತೂ ಇಡೀ ಅಡುಗೆಮನೆ ಬ್ರಿಟಿಷರ ಕಾಲದಲ್ಲೇ ಕಾಲಿಗೆ ಬುದ್ಧಿ ಹೇಳಿತ್ತು.

"ಖಾಲಿ ಇದ್ರ 'ಇದ್ದವರು' ಅನ್ನು, ಶಾಣ್ಯಾ," ಎಂದು ಸೂತ್ರಕ್ಕೆ ಗದರಿ, ಹೊಸ ಪಟ್ಟಿಯನ್ನು ಗೇಟಿನ ಮುಖ್ಯಸ್ಥ ಕುಂಜೀರ ಸಾಹೇಬರ ಮುಂದೆ ಹಿಡಿದಳು.

ಸಾಹೇಬರ ಬೆರಳು ಅರ್ಧಕ್ಕೇ ನಿಂತಿತು. "ಹೇ ಕಾಯ್ ಆಹೆ?" ಇದೇನಿದು, ಸುಖೇಶನ ಹೆಸರು! ಇವತ್ತು ಬೆಳಿಗ್ಗೆ ಅವನ ಸ್ವಂತ ಗಾಡಿಯ ವಡಾಪಾವ್ ತಿಂದೇ ಡ್ಯೂಟಿಗೆ ಬಂದಿದ್ದೇನೆ, ಅವನು ನಿಮ್ಮಲ್ಲಿ ಇನ್ನೂ ಇದ್ದಾನೆಯೇ ಎಂದು ಮರಾಠಿಯಲ್ಲಿ ಗುಡುಗಿ, ಪಟ್ಟಿ ವಾಪಸು ತಳ್ಳಿದರು.

ಹಿಂದಿದ್ದ ಶೆಟ್ಟರು ಹಣೆ ಹಣೆ ಬಡಿದುಕೊಂಡರು. ಅನುಜಾ ನೇರ ಹೋಗಿ ನಿಂತದ್ದು ಸಾಲಿನ ಮೊದಲಲ್ಲಿದ್ದ ಕಾಂತಪ್ಪನೆದುರು. ಅಡುಗೆಮನೆಯ ಹಿರಿಯ ಅವನು, ಬಂದವರ ಹೋದವರ ತಾರೀಕು ತುಂಬುವವನೂ ಅವನೇ.

"ಕಾಕಾ, ಸುಖೇಶ ಬಿಟ್ಟ ತಾರೀಕು ಯಾಕ ಬರ್ದಿಲ್ರಿ?"

"ಎಲ್ಲಿ ಬಿಟ್ಟಾನವಾ? ಹೋಗೂ ಮುಂದ 'ಬರ್ತೀನಿ ಕಾಕಾ' ಅಂದ. ಬರ್ತೀನಿ ಅಂದಾವನ ಹೆಸರಿನ ಮುಂದ ಬಿಟ್ಟ ಅಂತ ಬರದ್ರ ಅಪಶಕುನ ಅಲ್ಲೇನು?"

"ಎಲ್ಲಾರೂ ಹಂಗ ಅಂತಾರ್ರಿ! 'ಹೋಗ್ತೀನಿ' ಅಂತ ಹೇಳಿ ಹೋದವ್ರನ್ನ ಎಲ್ಲೆರ ನೋಡೀರಿ?"

ಸಾಲಿನಲ್ಲಿ ನಗು ಎದ್ದಿತು. ಅನುಜಾ ನಗಲಿಲ್ಲ. ಖಾಲಿಗೆ ಎರಡು ಅರ್ಥವಿತ್ತು: ಇನ್ನೂ ಬಿಟ್ಟಿಲ್ಲ, ಅಥವಾ ಬಿಟ್ಟಿದ್ದಾನೆ ಆದರೆ ಕಾಕಾ ಬರೆದಿಲ್ಲ. ಯಾವುದೆಂದು ಸೂತ್ರ ಊಹಿಸಿದರೂ ತಪ್ಪೇ.

"ಕಂಪ್ಯೂಟರ್ ಬಲ್ಲ ಇನ್ನೊಬ್ಬರನ್ನ ಕರೆಸುವಾ?" ಶೆಟ್ಟರು ಗಡಿಯಾರ ನೋಡುತ್ತ ಕೇಳಿದರು.

"ಬ್ಯಾಡ್ರಿ. ಹಾಳು ಮಾಡಿದಾಕಿ ನಾನು, ಸರಿ ಮಾಡಾಕಿನೂ ನಾನ."

ಸೂತ್ರವನ್ನು ಪೂರ್ತಿ ಅಳಿಸಿ ಹೊಸದಾಗಿ ಬರೆದಳು. ಮೊದಲು ತಾರೀಕಿನ ಮನೆ ಖಾಲಿಯೇ ಎಂದು ನೋಡು. ಖಾಲಿಯಾಗಿದ್ದು ಈ ವಾರ ಹಾಜರಿ ಇದ್ದರೆ 'ಇದ್ದವರು'. ಹಾಜರಿಯೂ ಇಲ್ಲವೆಂದರೆ ಜಾಣತನ ತೋರಿಸಬೇಡ, 'ಕೇಳಿ' ಅನ್ನು. ತಾರೀಕು ಇದ್ದರೆ ಮಾತ್ರ ಇಂದಿನ ದಿನಕ್ಕೆ ಹೋಲಿಸು.

ಮೂರು ಹೆಸರು 'ಕೇಳಿ' ಎಂದು ಹಳದಿಯಾದವು. ಕುಂಜೀರ ಸಾಹೇಬರು ಈ ಸಲ ತಲೆಯಾಡಿಸಿದರು, ಆದರೆ ತಮ್ಮ ಯಂತ್ರಕ್ಕೆ ಹಸಿರು, ಕೆಂಪು ಬಿಟ್ಟು ಬೇರೆ ಬಣ್ಣ ಗೊತ್ತಿಲ್ಲ, ಆ ಮೂರನ್ನು ಇಲ್ಲೇ ಕೇಳಿ ಮುಗಿಸಿ ಎಂದರು. ಸುಖೇಶ ರಸ್ತೆಯಾಚೆಯ ಗಾಡಿಯಿಂದಲೇ ತಾರೀಕು ಕೂಗಿ ಹೇಳಿದ. ಕಾಶಪ್ಪ ತಂಗಿಯ ಮದುವೆಗೆ ಬೈಲಹೊಂಗಲಕ್ಕೆ ಹೋದವನು, ನಾಳೆ ಬರುತ್ತೇನೆಂದು ಫೋನಿನಲ್ಲಿ ಹೇಳಿದ. ಉಳಿದವನು ಸಿದ್ದಾರೂಢ. ಸೌಟು ಹಿಡಿಯುವುದರಿಂದ ಹಿಡಿದು ಎಲ್ಲವನ್ನೂ ಕಾಂತಪ್ಪನಲ್ಲೇ ಕಲಿತ ಹುಡುಗ.

"ಅವ ಬಂದ ಬರ್ತಾನ," ಕಾಂತಪ್ಪ ಕೈಕಟ್ಟಿದ. "ಫೋನ್ ಯಾಕ?"

"ಹೊಳ್ಳಿ ನೋಡ್ರಿ, ಎಷ್ಟು ಮಂದಿ ನಿಂತಾರ. ಕೇಳ್ರಿ ಕಾಕಾ." ಅವಳೇ ನಂಬರು ಒತ್ತಿ, ಫೋನನ್ನು ಅವನ ಮುಖಕ್ಕೆ ಹಿಡಿದಳು. ಕೈ ಇಳಿಸಲಿಲ್ಲ.

"ಕಾಕಾ!" ಆ ಕಡೆ ಪಾತ್ರೆಗಳ ಸದ್ದು. "ವಿಮಾನ ನಗರದಾಗ ನಾಷ್ಟಾದ ಅಂಗಡಿ ಹಾಕೀನ್ರಿ. ನಿಮಗ ಹೇಳಾಕ ಧೈರ್ಯ ಸಾಲಲಿಲ್ಲ."

"ಬರ್ತೀನಿ ಅಂದಿದ್ದಿ?"

"ಬರ್ತೀನ್ರಿ ಕಾಕಾ. ಉಣ್ಣಾಕ ಬರ್ತೀನಿ, ದುಡ್ಯಾಕಲ್ಲ."

ಕಾಂತಪ್ಪ ಕಟ್ಟಿದ್ದ ಕೈ ಬಿಚ್ಚಿ ಫೋನು ತಾನೇ ಹಿಡಿದುಕೊಂಡ. "ಮಗನ, ಸಾರಿಗೆ ಇಂಗು ಕಡಿಮಿ ಹಾಕು, ನಿನ್ನ ಕೈ ಭಾಳ ಜೋರು," ಎಂದ. ಆಮೇಲೆ, "ಯಾವತ್ತು ಬಿಟ್ಟಿ, ಹೇಳು."

ಅವನು ಹೇಳಿದ ತಾರೀಕನ್ನು ಕಾಂತಪ್ಪ ತಾನೇ ಒಂದೇ ಬೆರಳಿನಿಂದ ಒತ್ತಿದ. ಅನುಜಾ ಪಟ್ಟಿ ಕಳಿಸಿದಳು. ಹತ್ತಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಯಂತ್ರ ಹಸಿರಾಯಿತು, ಸಾಲು ಗದ್ದಲ ಮಾಡುತ್ತ ಒಳಗೆ ನುಗ್ಗಿತು.

"ನಡ್ಯವಾ ನೀನೂ," ಕಾಂತಪ್ಪ ಅಂಗಿಯ ತೋಳು ಮಡಚುತ್ತ ಅವಳನ್ನು ಕರೆದ. "ಉಳ್ಳಾಗಡ್ಡಿ ಹೆಚ್ಚಾಕ ಕೈ ಕಡಿಮಿ ಬಿದ್ದಾವ."

ಅನುಜಾ ಲ್ಯಾಪ್‌ಟಾಪ್ ಮುಚ್ಚಿ, ಅವನ ಹಿಂದೆಯೇ ಒಳಗೆ ಹೋದಳು.