ಓಬಳಮ್ಮನ ಹಿತ್ತಿಲ ಗುಂಡಿ

ಜಂಗಮಕೋಟೆಯ ಓಬಳಮ್ಮನ ಮನೆಯಲ್ಲಿ ರೇಷ್ಮೆಹುಳು ಹಣ್ಣಾಗಿ ಗೂಡು ಕಟ್ಟುವ ಕಾಲ ಹತ್ತಿರ ಬಂದಿತ್ತು. ಎಷ್ಟು ಹಿಪ್ಪುನೇರಳೆ ಸೊಪ್ಪು ಹಾಕಿದರೂ ಹುಳುಗಳಿಗೆ ಸಾಲದು. ಅಂಥ ಹೊತ್ತಿನಲ್ಲೇ ಗಂಡ ಎರ್ರಪ್ಪ ಚಳಿಜ್ವರ ಬಂದು ಕಂಬಳಿ ಹೊದ್ದು ಮಲಗಿಬಿಟ್ಟ.

ಮಲೇರಿಯಾ ಇಲಾಖೆಯ ಅಸದುಲ್ಲಾ ಬಂದರು. ಎರ್ರಪ್ಪನ ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆದುಕೊಂಡು ಮಾತ್ರೆ ಕೊಟ್ಟರು. ಓಬಳಮ್ಮ ಮಾತ್ರ ಹುಳುಮನೆಯ ಬಾಗಿಲಿಗೆ ಅಡ್ಡ ನಿಂತಳು.

"ಔಷಧಿ ಹೊಡೆಯೋದಿದ್ರೆ ಬರಲೇಬೇಡಿ ಸಾಬ್ರೇ. ನನ್ನ ಹುಳ ಎಲ್ಲ ಸತ್ತೋಗ್ತವೆ!"

"ಹುಳದ ಹತ್ರ ಹೊಡೆಯಲ್ಲಮ್ಮ. ನೀರು ಎಲ್ಲಿ ನಿಲ್ತದೆ ಅಂತ ತೋರ್ಸಿ, ಸಾಕು."

ಹಿತ್ತಿಲಲ್ಲಿ, ತೋಟದ ಕಾಲುವೆಯಿಂದ ಸೋರಿದ ನೀರು ಒಂದು ಗುಂಡಿಯಲ್ಲಿ ನಿಂತಿತ್ತು. ನೀರಿನ ಮೇಲ್ಭಾಗಕ್ಕೆ ಅಂಟಿಕೊಂಡು ಸಣ್ಣ ಮರಿಗಳು ಮಿಸುಕಾಡುತ್ತಿದ್ದವು.

"ಇವೇ ನಾಳೆ ಸೊಳ್ಳೆ ಆಗೋದು. ಸೊಳ್ಳೆ ಕಚ್ಚೇ ನಿಮ್ಮ ಯಜಮಾನ್ರಿಗೆ ಚಳಿಜ್ವರ ಬಂದಿರೋದು. ಸ್ವಲ್ಪ ಸೀಮೆಎಣ್ಣೆ ಬಿಟ್ರೆ ಎಲ್ಲ ಸಾಯ್ತವೆ."

"ಇಷ್ಟು ದೊಡ್ಡ ಗುಂಡಿಗೆ ಸ್ವಲ್ಪ ಎಣ್ಣೇನಾ? ಯಾರಿಗೆ ಹೇಳ್ತೀರಪ್ಪ!" ಓಬಳಮ್ಮ ನಕ್ಕಳು.

"ಒಂದು ಬಟ್ಟಲು ನೀರು, ಒಂದು ಸೂಜಿ ತನ್ನಿ."

ಅಸದುಲ್ಲಾ ಸೂಜಿಗೆ ತುಸು ಎಣ್ಣೆ ಹತ್ತಲೆಂದು ಅದನ್ನು ತಲೆಗೂದಲಿಗೆ ಸವರಿ, ನೀರಿನ ಮೇಲೆ ಮೆಲ್ಲಗೆ ಮಲಗಿಸಿದರು. ಸೂಜಿ ತೇಲಿತು!

"ಅಯ್ಯೋ, ಕಬ್ಬಿಣ ತೇಲ್ತಾ ಐತೆ! ಏನೂಂದ್ರೆ, ಬಂದು ನೋಡಿ ಇಲ್ಲಿ!"

ಎರ್ರಪ್ಪ ಕಂಬಳಿ ಸಮೇತ ಎದ್ದು ಬಂದ.

"ನೀರಿನ ಕಣ ಒಂದನ್ನೊಂದು ಎಳ್ಕೊಂಡಿರ್ತವೆ. ಅದಕ್ಕೇ ಮೇಲ್ಗಡೆ ಬಿಗಿಯಾಗಿ ಪೊರೆ ಕಟ್ಟಿದಂಗಿರ್ತದೆ. ಸೂಜಿನ ಅದೇ ಹೊತ್ಕೊಂಡಿರೋದು. ಸೊಳ್ಳೆಮರಿನೂ ಅದನ್ನೇ ಹಿಡ್ಕೊಂಡು ಉಸಿರಾಡ್ತದೆ. ಈಗ ನೋಡಿ."

ಸಾಬೂನಿನ ನೀರು ಒಂದು ತೊಟ್ಟು ಬಿಟ್ಟರು. ಸೂಜಿ ಬುಳಕ್ಕನೆ ಮುಳುಗಿತು.

"ಬಿಗಿ ಸಡಿಲಾಯ್ತು. ಸೀಮೆಎಣ್ಣೆನೂ ಹಂಗೇ. ತೆಳ್ಳಗೆ ನೀರಿನ ಮೇಲೆಲ್ಲ ಹರಡ್ಕೊಳ್ತದೆ. ಮರಿಗೆ ಹಿಡಿತಾನೂ ಸಿಗಲ್ಲ, ಗಾಳಿನೂ ಸಿಗಲ್ಲ."

ಓಬಳಮ್ಮ ತಾನೇ ಸೀಮೆಎಣ್ಣೆ ತಂದು ಗುಂಡಿಗೆ ಬಿಟ್ಟಳು. ಎಣ್ಣೆ ಬಣ್ಣಬಣ್ಣವಾಗಿ ಹರಡಿತು. ಸ್ವಲ್ಪ ಹೊತ್ತಿಗೆ ಮರಿಗಳು ಒದ್ದಾಡುತ್ತ ತಳಕ್ಕೆ ಇಳಿದವು.

"ಹುಳಕ್ಕೆ ಎಣ್ಣೆ ವಾಸನೆ ಆಗಲ್ಲಮ್ಮ. ಕೈ ತೊಳ್ಕೊಂಡೇ ಸೊಪ್ಪು ಮುಟ್ಟಿ."

"ಅದನ್ನೂ ನನಗೆ ಹೇಳ್ಕೊಡ್ಬೇಕಾ ಸಾಬ್ರೇ?"

ಹುಳು ಹಣ್ಣಾಗುವ ಹೊತ್ತಿಗೆ ಎರ್ರಪ್ಪನ ಜ್ವರ ಬಿಟ್ಟಿತ್ತು. ಗಂಡ ಹೆಂಡತಿ ಜೊತೆಗೂಡಿ ಹುಳುಗಳನ್ನು ಗೂಡು ಕಟ್ಟುವ ಬಿದಿರಿನ ತಟ್ಟೆಯಾದ ಚಂದ್ರಿಕೆಗೆ ಬಿಟ್ಟರು. ಚಂದ್ರಿಕೆಯ ತುಂಬ ಹಳದಿ ಗೂಡುಗಳು ಎದ್ದವು. ಆಮೇಲೆ ಎರ್ರಪ್ಪ ಕಾಲುವೆಯ ಸೋರಿಕೆ ನಿಲ್ಲಿಸಿ ಗುಂಡಿಗೆ ಮಣ್ಣು ತುಂಬಿದ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಇವತ್ತೇ ನಿಮ್ಮ ಹಿತ್ತಿಲಿಗೆ ಹೋಗಿ ನೋಡಿ. ನಿಂತ ನೀರನ್ನು ಹರಿಯಬಿಡಿ, ಗುಂಡಿ ಮುಚ್ಚಿ. ಮುಚ್ಚಲಾಗದ ಗುಂಡಿಗೆ ವಾರಕ್ಕೊಮ್ಮೆ ಸೀಮೆಎಣ್ಣೆ ಬಿಡಿ. ಜನ, ದನಕರು ಕುಡಿಯುವ ನೀರಿಗೆ ಮಾತ್ರ ಎಂದೂ ಬಿಡಬೇಡಿ; ಕುಡಿಯುವ ನೀರಿನ ಪಾತ್ರೆಗೆ ಬಟ್ಟೆ ಕಟ್ಟಿ. ಚಳಿಜ್ವರ ಬಂದರೆ ತಡಮಾಡದೆ ಮಲೇರಿಯಾ ಸಿಬ್ಬಂದಿಗೆ ತಿಳಿಸಿ. ಸೊಳ್ಳೆಗೆ ರೆಕ್ಕೆ ಬರುವ ಮೊದಲೇ ಅದರ ಕಥೆ ಮುಗಿಸುವುದು ನಿಮ್ಮ ಕೈಯಲ್ಲೇ ಇದೆ!