ಕಾವು ಇಳಿಯುವವರೆಗೆ

ಗಂಡಸರಿಬ್ಬರು ಸೋಮಲಿಂಗಪ್ಪನವರ ಕಂಕುಳಿಗೆ ಕೈಹಾಕಿ ಕೊನೆಯ ಸ್ನಾನಕ್ಕೆಂದು ಹಿತ್ತಲಲ್ಲಿ ಮಣೆಯ ಮೇಲೆ ಕೂರಿಸುತ್ತಿದ್ದಾಗ ತಲೆ ಒಂದು ಪಕ್ಕಕ್ಕೆ ವಾಲಿತು. "ನಿಧಾನ ಕಣ್ರಪ್ಪಾ," ಎಂದು ಕಮಲಾಕ್ಷಮ್ಮ ಮುಂದೆ ಬಂದು ಗಂಡನ ಗಲ್ಲ ಹಿಡಿದರು.

ರಾಜಾಜಿನಗರದ ಆ ಮನೆ ಬೆಳಗಿನಿಂದಲೇ ತುಂಬಿಹೋಗಿತ್ತು. ಸರ್ಕಾರಿ ಎಂಜಿನಿಯರಾಗಿದ್ದವರಿಗೆ ಪರಿಚಯದವರು ಬಹಳ.

"ಸಿಮೆಂಟಿನ ಮಾತು ಬಂದ್ರೆ ಭಾವ ಊಟಾನೇ ಮರೀತಿದ್ರು," ಎಂದ ಕಮಲಾಕ್ಷಮ್ಮನ ತಮ್ಮ ಗುರುಸಿದ್ದಯ್ಯ.

"ಊಟ ಏನು ಬಂತು, ಮಗಳ ನಿಶ್ಚಿತಾರ್ಥಾನೇ ಮರೆತ್ರಲ್ಲ," ಎಂದರು ಕಮಲಾಕ್ಷಮ್ಮ.

ಎಷ್ಟೋ ವರ್ಷಗಳ ಮುನಿಸು. ಹೇಳಿ ಹೇಳಿ ಅದರ ಮೇಲೂ ಅವರಿಗೆ ಮಮತೆ ಬೆಳೆದಿತ್ತು.

*

ಎಪ್ಪತ್ತೊಂದರ ಬೇಸಿಗೆ. ವಿಜಯನಗರದಲ್ಲಿ ನೀರಿನ ಟ್ಯಾಂಕಿಗೆ ಆಳೆತ್ತರದ ಕಾಂಕ್ರೀಟ್ ಬುನಾದಿ ಹಾಕಿದ್ದರು. ನಿಶ್ಚಿತಾರ್ಥದ ದಿನ ಬೀಗರು ಎಲೆಯ ಮುಂದಿನಿಂದ ಏಳುವ ಹೊತ್ತಿಗೆ ಸೋಮಲಿಂಗಪ್ಪ ಬಂದರು. ಪ್ಯಾಂಟು ಮೊಣಕಾಲಿನವರೆಗೆ ಒದ್ದೆ. ಅಡುಗೆಮನೆಗೆ ಬಂದು ಪಿಸುದನಿಯಲ್ಲಿ ಶುರುಮಾಡಿದರು:

"ಈ ಸಲದ ಸಿಮೆಂಟು ಮೈದಾ ಹಿಟ್ಟಿನ ಹಾಗೆ ನುಣ್ಣಗಿದೆ ಕಮಲಾ. ನುಣ್ಣಗಿದ್ದಷ್ಟೂ ನೀರು ಸೇರಿದ ಮೇಲೆ ಬೇಗ ಕಾವೇರುತ್ತೆ. ಅಷ್ಟು ದಪ್ಪದಲ್ಲಿ ಒಳಗಿನ ಕಾವು ಸುಲಭವಾಗಿ ಹೊರಗೆ ಬರಲ್ಲ. ಒಳಗೆ ಬಿಸಿ ಇದ್ದಾಗಲೇ ಮೇಲ್ಗಡೆ ತಣ್ಣಗಾಗಿ ಬಿಗಿದುಕೊಂಡ್ರೆ ಬಿರುಕು ಬಿಡುತ್ತೆ. ಕಾವು ಇಳಿಯೋವರೆಗೂ ಗೋಣಿ ಹೊದಿಸಿ, ಒದ್ದೆ ಆರದ ಹಾಗೆ ನೋಡ್ಕೋಬೇಕು."

"ಅದಕ್ಕೆ ಆಳುಗಳಿರ್ಲಿಲ್ವಾ?"

ಅವರು ಮಗಳ ತಲೆ ಸವರಿ, ಆರಿದ ಅನ್ನಕ್ಕೆ ಕೂತರು. ಆಷಾಢ ಕಳೆಯುವವರೆಗೂ ಕಮಲಾಕ್ಷಮ್ಮ ಅವರೊಂದಿಗೆ ಸರಿಯಾಗಿ ಮಾತಾಡಲಿಲ್ಲ.

*

ಹಿತ್ತಲ ಬಾಗಿಲಲ್ಲಿ ಹೆಂಗಸೊಬ್ಬಳು ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ಯಾರೆಂದು ಕಮಲಾಕ್ಷಮ್ಮ ಕೇಳಿದರು.

"ಉಲ್ಲಾಳದ ಅಕ್ಕಯ್ಯಮ್ಮ. ಟ್ಯಾಂಕಿನ ಬುನಾದಿಗೆ ನೀರು ಹಾಕ್ತಿದ್ದೋಳು ನಾನೇ ಅಮ್ಮಾವ್ರೇ. ನಿಮ್ಮ ಮಗಳ ನಿಶ್ಚಿತಾರ್ಥದ ದಿನಾನೇ ನಂಗೆ ಹೆರಿಗೆ ನೋವು ಬಂತು. ಜೊತೆಯವ್ರೆಲ್ಲ ಯಾವುದೋ ಮದುವೆಗೆ ಹೋಗಿದ್ರು. ಸಾರ್ ಜೀಪಲ್ಲಿ ಆಸ್ಪತ್ರೆಗೆ ಸೇರಿಸಿ, ವಾಪಸ್ ಹೋಗಿ ನನ್ನ ಕೆಲಸ ತಾವೇ ಮಾಡಿದ್ರು. ನಂಗೆ ಹೆಣ್ಣು ಮಗು ಆಯ್ತು."

"ನನ್ನ ಹತ್ರ ಒಂದು ಮಾತೂ ಹೇಳ್ಲಿಲ್ವಲ್ಲ."

"ಹೇಳ್ಬೇಡ ಅಂದ್ರು. ಬೀಗರ ಮುಂದೆ ನಿನ್ನ ಹೆಸರು ಯಾಕೆ, ಬೈಸ್ಕೊಳ್ಳೋದಿದ್ರೆ ನಾನೇ ಬೈಸ್ಕೊತೀನಿ ಅಂದ್ರು."

ಕಮಲಾಕ್ಷಮ್ಮ ಗಂಡನ ಮುಖವನ್ನೇ ನೋಡಿದರು. ತುಟಿಯ ಮೇಲೆ ನಗು ಸುಳಿಯಿತು, ಕಣ್ಣು ತುಂಬಿತು.

"ಸಿಮೆಂಟಿನ ಕತೆ ಮಾತ್ರ ಇಷ್ಟುದ್ದ ಹೇಳಿದ್ರು ಕಣಮ್ಮ."

ಗುರುಸಿದ್ದಯ್ಯ ಸ್ನಾನಕ್ಕೆ ನೀರು ಮೊಗೆದು ಅಕ್ಕನತ್ತ ಚೊಂಬು ಚಾಚಿದ. ಮನೆಯವರು ಮೊದಲು ಹಾಕುವುದು ವಾಡಿಕೆ. ಕಮಲಾಕ್ಷಮ್ಮ ಅದನ್ನು ತೆಗೆದುಕೊಂಡು ಅಕ್ಕಯ್ಯಮ್ಮನ ಕೈಗಿಟ್ಟರು.

"ನೀನು ಹಾಕಮ್ಮ."

ಅಕ್ಕಯ್ಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಗ್ಗಿದಳು. ನೀರು ರಭಸದಿಂದ ಬೀಳದ ಹಾಗೆ ಒಂದು ಅಂಗೈಯನ್ನು ಅಡ್ಡ ಹಿಡಿದು, ಸೋಮಲಿಂಗಪ್ಪನವರ ಹೆಗಲ ಮೇಲೆ ತೆಳ್ಳಗೆ ಇಳಿಬಿಟ್ಟಳು.