ಹಿನ್ನೀರಿನಿಂದ ಕುಮುದಾ ಕಾರು ತಂದದ್ದು

ಸಾಗರದ ದುರ್ಗೇಶ್ ತೀರ್ಥಹಳ್ಳಿಯಲ್ಲಿದ್ದ ತಂಗಿ ಹೇಮಾವತಿಯ ಮನೆಗೆ ಹೊರಟಿದ್ದ. ಕಾರಿನಲ್ಲಿ ಹೆಂಡತಿ ಕುಮುದಾ, ತಾಯಿ ಬಂಗಾರಮ್ಮ ಮತ್ತು ಹೈಸ್ಕೂಲಿಗೆ ಹೋಗುವ ಮಗಳು ನವ್ಯಾ ಇದ್ದರು. ಹಿನ್ನೀರು ನೋಡಿಕೊಂಡೇ ಹೋಗಬೇಕೆಂದು ನವ್ಯಾ ಹಟ ಹಿಡಿದದ್ದರಿಂದ, ಹೊಸನಗರದ ಹತ್ತಿರ ಟಾರು ರಸ್ತೆ ಬಿಟ್ಟು ಮಣ್ಣುದಾರಿಗೆ ಇಳಿದರು.

ಮಳೆಗಾಲ ಆಗತಾನೆ ಮುಗಿದಿತ್ತು. ನೀರು ಗುಡ್ಡಗಳ ಅರ್ಧದವರೆಗೂ ತುಂಬಿ, ಸಣ್ಣ ದಿಬ್ಬಗಳೆಲ್ಲ ನಡುಗಡ್ಡೆಗಳಾಗಿದ್ದವು. ಕುಮುದಾ ಹುಲ್ಲಿನ ಮೇಲೆ ಚಾಪೆ ಹಾಸಿ ಚಿತ್ರಾನ್ನದ ಡಬ್ಬಿ ತೆಗೆದಳು. ತಿಂದಾದ ಮೇಲೆ ದುರ್ಗೇಶ್ ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿಕೊಂಡು ನೀರಿಗಿಳಿದ. ಸ್ವಲ್ಪ ಮುಂದೆ ಹೋದವನು ಅಲ್ಲೇ ಕುಸಿದು ಕೂತ. ಯಾರೋ ಕುಡಿದು ಎಸೆದ ಬಾಟಲಿಯ ಚೂರು ಬಲ ಅಂಗಾಲನ್ನು ಸೀಳಿತ್ತು.

ಅತ್ತೆ ಸೊಸೆ ಸೇರಿ ಅವನನ್ನು ದಡಕ್ಕೆ ತಂದರು. ಬಂಗಾರಮ್ಮ ಚೀಲದಲ್ಲಿದ್ದ ತಮ್ಮ ನೂಲಿನ ಸೀರೆ ಹರಿದು ಬಿಗಿಯಾಗಿ ಕಟ್ಟಿದರು. ಆದರೂ ರಕ್ತ ಒಸರುತ್ತಲೇ ಇತ್ತು. ಫೋನಿಗೆ ನೆಟ್‌ವರ್ಕ್ ಇಲ್ಲ. ನವ್ಯಾ ದಿಬ್ಬದ ಮೇಲಕ್ಕೆ ಓಡಿಹೋಗಿ ನೋಡಿದಳು, ಅಲ್ಲೂ ಸಿಗಲಿಲ್ಲ.

ಕುಮುದಾಳ ಹತ್ತಿರ ಲೈಸೆನ್ಸ್ ಇತ್ತು. ಆದರೆ ದುರ್ಗೇಶ್ ಅವಳ ಕೈಗೆ ಕಾರು ಕೊಡುತ್ತಿದ್ದುದು ಸಾಗರದ ಖಾಲಿ ಮೈದಾನದಲ್ಲಿ ಮಾತ್ರ, ಅದೂ ತಾನು ಪಕ್ಕದಲ್ಲಿ ಕೂತು. ತಿರುವಿನ ರಸ್ತೆ ನಿನಗೆ ಬೇಡ ಎನ್ನುತ್ತಿದ್ದ. ಬಂಗಾರಮ್ಮನೂ ಅದಕ್ಕೆ ತಲೆಯಾಡಿಸುತ್ತಿದ್ದರು. ಈಗಲೂ ಅವನು, ರಸ್ತೆಗೆ ಹೋಗಿ ಯಾವುದಾದರೂ ಗಾಡಿ ನಿಲ್ಲಿಸಿ ಎಂದ.

ಬಂಗಾರಮ್ಮ ಒಪ್ಪಲಿಲ್ಲ. "ಗಾಡಿ ಯಾವಾಗ ಬರುತ್ತೋ ಏನೋ. ಕುಮುದಾ, ನೀನೇ ಹೊಡಿ. ನಾ ಹಿಂದೆ ಇವನ ಕಾಲು ಹಿಡ್ಕಂಡು ಕೂತ್ಕತೀನಿ."

ಕುಮುದಾ ಸೀಟು ಮುಂದಕ್ಕೆ ಎಳೆದುಕೊಂಡಳು. ಏರಿನಲ್ಲಿ ಎಂಜಿನ್ ಆಫ್ ಆಗಿ ಕಾರು ನೀರಿನ ಕಡೆಗೆ ಜಾರಿತು. ಗಬಕ್ಕನೆ ಹ್ಯಾಂಡ್‌ಬ್ರೇಕ್ ಎಳೆದಳು. ಹಿಂದಿನಿಂದ ದುರ್ಗೇಶ್ ಕ್ಲಚ್ ಬಿಡುವುದನ್ನು ಹೇಳಿಕೊಡಲು ಶುರುಮಾಡಿದ.

"ನೀ ಸುಮ್ನಿರು. ಅವ್ಳಿಗೆ ಗೊತ್ತು" ಎಂದರು ಬಂಗಾರಮ್ಮ.

ಎರಡನೇ ಸಲಕ್ಕೆ ಕಾರು ಏರು ಹತ್ತಿತು.

ಟಾರು ರಸ್ತೆಯ ತಿರುವೊಂದರಲ್ಲಿ ಎದುರಿಗೆ ಬಸ್ಸು ಬಂತು. ಸರಿಯಲು ಜಾಗವಿರಲಿಲ್ಲ. ಕುಮುದಾ ನವ್ಯಾಳನ್ನು ಕೆಳಗಿಳಿಸಿ, ಅವಳು ಕೈಸನ್ನೆ ಮಾಡಿದಂತೆ ರಿವರ್ಸ್ ತೆಗೆದುಕೊಂಡು ದಾರಿ ಬಿಟ್ಟಳು. ಬಸ್ಸಿನ ಡ್ರೈವರ್ ಹಾರ್ನ್ ಒತ್ತದೆ ಕಾದ. ಅಲ್ಲಿಂದ ಮುಂದೆ ಅವಳಿಗೆ ಅಷ್ಟು ಭಯವಾಗಲಿಲ್ಲ.

ಹೊಸನಗರದ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು. ಕಾಲು ನೆಲಕ್ಕೆ ಊರಬಾರದು ಎಂದರು ಡಾಕ್ಟರು. ಸಾಗರದಿಂದ ಗೆಳೆಯ ವಿನೋದ್‌ನನ್ನು ಕರೆಸುತ್ತೇನೆಂದು ದುರ್ಗೇಶ್ ಫೋನು ತೆಗೆದ. ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದ ಕುಮುದಾ ತಿರುಗಿ ನೋಡಿದಳು.

"ಯಾರೂ ಬ್ಯಾಡ. ತೀರ್ಥಹಳ್ಳಿಗೂ ನಾನೇ ಹೊಡಿತೀನಿ."

"ಮುಂದೆ ತಿರುವು ಜಾಸ್ತಿ ಕಣೇ."

"ಇಲ್ಲೀತನಕ ಬಂದಿದ್ದೂ ತಿರುವಲ್ಲೇ ಅಲ್ವಾ?"

ಅವನು ಫೋನನ್ನು ಜೇಬಿಗೆ ಹಾಕಿಕೊಂಡ.

ಹೊತ್ತು ಮುಳುಗುವಾಗ ತೀರ್ಥಹಳ್ಳಿ ತಲುಪಿದರು. ಕುಮುದಾಳ ಭುಜಗಳು ಕಲ್ಲಾಗಿದ್ದವು. ಹೇಮಾವತಿ ಗಾಬರಿಯಿಂದ ಅಣ್ಣನ ಕಾಲು ನೋಡುತ್ತಿದ್ದರೆ, ಬಂಗಾರಮ್ಮ ಮಗಳಿಗೆ ಮೊದಲು ಹೇಳಿದ್ದು ಬಸ್ಸಿಗೆ ದಾರಿ ಬಿಟ್ಟ ಕಥೆಯನ್ನು.

ಸೋಮವಾರ ವಾಪಸು ಹೊರಟಾಗ ದುರ್ಗೇಶ್ ಮುಂದಿನ ಸೀಟಿನಲ್ಲಿ ಕೂತ. ಮೊದಮೊದಲು ಪ್ರತಿ ತಿರುವಿಗೂ, ಬ್ರೇಕ್ ಅಲ್ಲೇ ಇದೆಯೇನೋ ಎಂಬಂತೆ, ಎಡಗಾಲಿನಿಂದ ನೆಲ ಒತ್ತುತ್ತಿದ್ದ. ಹುಂಚ ದಾಟುವಷ್ಟರಲ್ಲಿ ಅವನಿಗೆ ನಿದ್ದೆ ಹತ್ತಿತ್ತು.